ಕೋಡಿ ಬೆಂಗ್ರೆ ಅಳಿವೆ: ಗಾಳಿ 8 ನಾಟ್ ಇದ್ದರೆ ಸಾಕಾ?

ಗುಂಪಿನಲ್ಲಿ ಒಬ್ಬರು ಕೇಳಿರುವ ಪ್ರಶ್ನೆ ಇಷ್ಟು: 18 ಅಡಿಯ ಫೈಬರ್ ದೋಣಿ, 9.9 ಎಚ್‌ಪಿ ಔಟ್‌ಬೋರ್ಡ್ ಎಂಜಿನ್, ಮೂವರು. ದಸರಾ ರಜೆಯಲ್ಲಿ ಬೆಳಗ್ಗೆ ಆರಕ್ಕೆ ಉಡುಪಿ ಕರಾವಳಿಯ ಕೋಡಿ ಬೆಂಗ್ರೆ ಅಳಿವೆಯಿಂದ (ಹೊಳೆ ಕಡಲು ಸೇರುವ ಬಾಯಿ) ಹೊರಬಿದ್ದು, ಗಾಳ ಹಾಕಿ, ಮಧ್ಯಾಹ್ನ ಒಂದೂವರೆಗೆ ವಾಪಸ್. ಹವಾಮಾನ ಹೇಳುವ ವಿಂಡಿ ಆ್ಯಪ್ ಗಾಳಿ 8 ನಾಟ್ (ಗಂಟೆಗೆ ಸುಮಾರು 15 ಕಿ.ಮೀ.), ಅಲೆ 1.2 ಮೀಟರ್ ಅನ್ನುತ್ತಿದೆ, ಹೋಗಬಹುದಾ? ಉತ್ತರವಾಗಿ ಮೂರ್ನಾಲ್ಕು ಜನ "ಆರಾಮಾಗಿ ಹೋಗಿ" ಅಂದಿದ್ದಾರೆ. ಅಷ್ಟು ಸಲೀಸಾಗಿ ಹೇಳಲು ಬರುವುದಿಲ್ಲ. ಹಾಕಿರುವ ಸ್ಕ್ರೀನ್‌ಶಾಟಿನಲ್ಲಿ ಬೇಕಾದ ಎರಡು ಸಂಗತಿಯೇ ಇಲ್ಲ: ತೆರೆಯ ಪೀರಿಯಡ್ (ಒಂದು ತೆರೆಯ ಹಿಂದೆ ಇನ್ನೊಂದು ಬರಲು ಹಿಡಿಯುವ ಹೊತ್ತು) ಎಷ್ಟು ಸೆಕೆಂಡ್, ಮತ್ತು ನೀವು ವಾಪಸ್ ಅಳಿವೆ ಮುಟ್ಟುವಾಗ ಉಬ್ಬರವೋ ಇಳಿತವೋ.

ಮೊದಲು ಪೀರಿಯಡ್. 1.2 ಮೀಟರ್ ಅಂತ ತೋರಿಸುವುದು ಎಲ್ಲ ತೆರೆಗಳ ಎತ್ತರವಲ್ಲ, ದೊಡ್ಡ ಮೂರನೇ ಒಂದು ಪಾಲು ತೆರೆಗಳ ಸರಾಸರಿ. ಅದೇ ಗುಂಪಿನಲ್ಲಿ ಆಗಾಗ ಒಂದು ಅದರ ಒಂದೂಮುಕ್ಕಾಲು ಪಟ್ಟು, ಎರಡು ಪಟ್ಟು ಬಂದೇ ಬರುತ್ತದೆ. ಇನ್ನು ಅದೇ 1.2 ಮೀಟರ್, ಹತ್ತಿರದ ಗಾಳಿಯಿಂದ ಎದ್ದ 6 ಸೆಕೆಂಡಿನ ತೆರೆಯಾಗಿದ್ದರೆ ಅಳಿವೆಯ ಬಾಯಲ್ಲಿ ನೀರಡಿಯಿರುವ ಮರಳದಿಬ್ಬದ ಮೇಲೆ ಸುಮಾರು ಒಂದೂವರೆ ಮೀಟರ್‌ಗೆ ಒಡೆಯುತ್ತದೆ. ದಕ್ಷಿಣ ಮಹಾಸಾಗರದಿಂದ ದಿನಗಟ್ಟಲೆ ನಡೆದುಬಂದ 14 ಸೆಕೆಂಡಿನ ತೆರೆಯಾಗಿದ್ದರೆ ಎದ್ದು ನಿಂತು ಎರಡು ಮೀಟರ್ ಆಗಿ ಒಡೆಯುತ್ತದೆ. ತೆರೆ ತನ್ನ ಎತ್ತರದ ಸುಮಾರು 1.3 ಪಟ್ಟು ಆಳದಲ್ಲಿ ಮುರಿಯುತ್ತದೆ ಅಂತ ಇಟ್ಟುಕೊಳ್ಳಿ. ಅಂದರೆ ದಿಬ್ಬದ ಮೇಲೆ 2.3 ಮೀಟರ್ ನೀರಿದ್ದರೆ ಸಾಮಾನ್ಯ 6 ಸೆಕೆಂಡಿನ ತೆರೆ ಒಡೆಯದೆ ದಾಟಿಹೋಗುತ್ತದೆ. 14 ಸೆಕೆಂಡಿನದು ಸರಿಯಾಗಿ ನಿಮ್ಮ ದಾರಿಯಲ್ಲೇ ಮಗುಚುತ್ತದೆ. ಹೊರಗಡೆ ಕಡಲು ಎಣ್ಣೆ ಸುರಿದ ಹಾಗಿರುತ್ತದೆ, ಗಾಳಿಯೇ ಇರುವುದಿಲ್ಲ, ಅದಕ್ಕೇ ಜನ ಮೋಸಹೋಗುವುದು.

ಆದ್ದರಿಂದ ವಿಂಡಿಯಲ್ಲಿ "ಅಲೆ" ಪದರ ನೋಡಿ ಬಿಡಬೇಡಿ. ಅದು ಎಲ್ಲ ಸೇರಿಸಿದ ಲೆಕ್ಕ. ಸ್ವೆಲ್ 1, ಸ್ವೆಲ್ 2 (ದೂರದಿಂದ ನಡೆದುಬಂದ ತೆರೆಗಳು), ಗಾಳಿ ಅಲೆ (ಹತ್ತಿರದ ಗಾಳಿಯಿಂದ ಎದ್ದದ್ದು) ಬೇರೆ ಬೇರೆ ತೆರೆದು ಎತ್ತರ, ಸೆಕೆಂಡ್, ದಿಕ್ಕು ಮೂರನ್ನೂ ಬರೆದುಕೊಳ್ಳಿ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಕೊಡುವ ಕಡಲ ಮುನ್ಸೂಚನೆಯಲ್ಲೂ ಸ್ವೆಲ್ ಬೇರೆಯಾಗಿ ಸಿಗುತ್ತದೆ; ಅವರು ಉಡುಪಿ ಕರಾವಳಿಗೆ ಸ್ವೆಲ್ ಅಥವಾ ಎತ್ತರದ ಅಲೆಯ ಎಚ್ಚರಿಕೆ ಹಾಕಿದ್ದ ದಿನ ಅಳಿವೆಯ ಆಸೆ ಬಿಡಿ. ನಿಮ್ಮ ದೋಣಿಗೆ ನನ್ನ ಲೆಕ್ಕ: 12 ಸೆಕೆಂಡಿಗಿಂತ ಮೇಲಿನ ಸ್ವೆಲ್ ಒಂದು ಮೀಟರ್ ಮುಟ್ಟಿದರೆ ಆ ದಿನ ಹೊಳೆಯೊಳಗೇ ಗಾಳ ಹಾಕಿ, ಕೆಂಬೇರಿ ಮೀನು ಅಲ್ಲೇ ಸಿಗುತ್ತದೆ.

ಘಟಕಗಳ ಗೊಂದಲವೂ ಕಾಣುತ್ತಿದೆ. ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆಯಲ್ಲಿ "45ರಿಂದ 55, ಆಗಾಗ 65" ಅಂತ ಬರುವುದು ಗಂಟೆಗೆ ಕಿಲೋಮೀಟರ್. ಒಂದು ನಾಟ್ ಅಂದರೆ 1.852 ಕಿ.ಮೀ. ಹಾಗಾಗಿ 45-55 ಎಂದರೆ 24ರಿಂದ 30 ನಾಟ್. ಸೆಕೆಂಡಿಗೆ ಮೀಟರ್ ಕಂಡರೆ ಎರಡರಿಂದ ಗುಣಿಸಿ, ಹತ್ತಿರದ ನಾಟ್ ಸಿಗುತ್ತದೆ.

ಈಗ ಇಳಿತದ ವಿಷಯ, ನನ್ನ ಪ್ರಕಾರ ಇದೇ ಇಡೀ ಯೋಜನೆಯ ಜೀವಾಳ. ಸೀತಾ, ಸ್ವರ್ಣಾ ಹೊಳೆಗಳೆರಡೂ ಒಂದೇ ಬಾಯಲ್ಲಿ ಕಡಲಿಗೆ ಬೀಳುತ್ತವೆ. ಅಕ್ಟೋಬರ್‌ನಲ್ಲಿ ಹೊಳೆಯಲ್ಲಿ ಇನ್ನೂ ಮಳೆಗಾಲದ ನೀರಿದೆ. ಹಿಂದಿನ ರಾತ್ರಿ ಆಗುಂಬೆ ಕಡೆ ಜೋರು ಮಳೆ ಬಿದ್ದರೆ ಇಳಿತದ ಸೆಳೆತ ಇನ್ನೂ ಹೆಚ್ಚು. ಹೊರಕ್ಕೆ ಹರಿಯುವ ನೀರು ಒಳಕ್ಕೆ ಬರುವ ತೆರೆಗೆ ಎದುರಾದಾಗ ತೆರೆಯ ಉದ್ದ ಕುಗ್ಗಿ, ಎತ್ತರ ಏರಿ, ಮುಖ ಗೋಡೆಯಂತೆ ಕಡಿದಾಗುತ್ತದೆ. ಜೊತೆಗೆ ದಿಬ್ಬದ ಮೇಲಿನ ನೀರೂ ಕಡಿಮೆಯಾಗುತ್ತಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಎರಡು ದಿನ ಇದು ತೀರಾ ಜೋರು. ಬೆಳಗ್ಗೆ ಸಲೀಸಾಗಿ ದಾಟಿದ ಅದೇ ಜಾಗ ಮಧ್ಯಾಹ್ನ ಬಿಳಿ ನೊರೆಯಾಗಿರುವುದು ಹೀಗೆ. ಮಧ್ಯಾಹ್ನ ಪಡುಗಾಳಿಯೂ ಏಳುತ್ತದೆ, ನಿಮ್ಮ 8 ನಾಟ್ ಆಗ 12-14 ಆಗಿರುತ್ತದೆ. ದಡದ ಪಕ್ಕದ ಈ ಗಾಳಿಯನ್ನು ಮುನ್ಸೂಚನೆಯ ಮಾಡೆಲ್‌ಗಳು ಕಡಿಮೆಯೇ ತೋರಿಸುತ್ತವೆ.

ಹಾಗಾಗಿ ಹೊರಡುವ ಹೊತ್ತಲ್ಲ, ಮರಳುವ ಹೊತ್ತು ಮೊದಲು ಗೊತ್ತುಮಾಡಿ. ಮಲ್ಪೆಯ ಉಬ್ಬರ ಪಟ್ಟಿ ತೆಗೆದು, ಉಬ್ಬರದ ಕೊನೆಯ ಎರಡು ಗಂಟೆಯೊಳಗೆ ಅಳಿವೆಗೆ ಬಂದು ಸೇರುವ ಹಾಗೆ ಹಿಂದಕ್ಕೆ ಲೆಕ್ಕ ಹಾಕಿ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಶನಿವಾರಕ್ಕೆ ಹೊಂದಿದ್ದು ಮುಂದಿನ ಶನಿವಾರಕ್ಕೆ ಹೆಚ್ಚುಕಡಿಮೆ ತಲೆಕೆಳಗು. ಹೊತ್ತು ಹೊಂದದಿದ್ದರೆ ಹೊರಗೇ ಲಂಗರು ಹಾಕಿ ಕಾಯುವಷ್ಟು ನೀರು, ಊಟ, ಹಗಲು ಉಳಿದಿರಲಿ. ಲಂಗರಿನ ಹಗ್ಗ ಆಳದ ಐದು ಪಟ್ಟಾದರೂ ಬೇಕು, ತುದಿಗೆ ಎರಡು-ಮೂರು ಮೀಟರ್ ಚೈನು.

ಒಳಗೆ ಬರುವಾಗಿನ ಅಪಾಯ ಹೊರಹೋಗುವಾಗಿನದಕ್ಕಿಂತ ಹೆಚ್ಚು. ಎರಡೂವರೆ ಮೀಟರ್ ಆಳದಲ್ಲಿ ತೆರೆ ಸೆಕೆಂಡಿಗೆ ಐದು ಮೀಟರ್, ಅಂದರೆ ಹತ್ತಿರ ಹತ್ತು ನಾಟ್ ಓಡುತ್ತದೆ. ಮೂವರು, ಐಸ್ ಬಾಕ್ಸು, ಪೆಟ್ರೋಲು ತುಂಬಿದ ದೋಣಿಯನ್ನು 9.9 ಎಂಜಿನ್ ಆ ವೇಗಕ್ಕೆ ಎಳೆಯುವುದು ಅನುಮಾನ. ಎಳೆಯದಿದ್ದರೆ ಹಿಂದಿನ ತೆರೆ ಬಂದು ಹಿಂಭಾಗ ಎತ್ತುತ್ತದೆ, ಮೂತಿ ಮುಂದಿನ ನೀರಿಗೆ ಕಚ್ಚುತ್ತದೆ, ಪ್ರೊಪೆಲ್ಲರ್ ಗಾಳಿಯಲ್ಲಿ ಕಿರುಚುತ್ತದೆ, ಹಿಂಭಾಗ ಪಕ್ಕಕ್ಕೆ ತಿರುಗಿ ದೋಣಿ ಅಡ್ಡಬೀಳುತ್ತದೆ. ಇಷ್ಟಾಗಲು ಮೂರ್ನಾಲ್ಕು ಸೆಕೆಂಡ್ ಸಾಕು. ಆದ್ದರಿಂದ ಒಡೆಯುವ ಜಾಗದ ಹೊರಗೆ ಹದಿನೈದು-ಇಪ್ಪತ್ತು ನಿಮಿಷ ನಿಂತು ನೋಡಿ. ದೊಡ್ಡ ತೆರೆಗಳು ಸಾಲಾಗಿ ಬರುತ್ತವೆ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತವೆ. ಸಾಲಿನ ಕೊನೆಯ ತೆರೆಯ ಬೆನ್ನು ಹಿಡಿದು, ಅದನ್ನು ದಾಟದೆ, ಪೂರ್ತಿ ಥ್ರಾಟಲ್‌ನಲ್ಲಿ ಬನ್ನಿ. ಭಾರ ಎಲ್ಲ ಹಿಂದೆ-ನಡುವೆ ಇರಲಿ, ಮೂತಿಯಲ್ಲಿ ಯಾರೂ ಕೂರಬೇಡಿ. ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಹಗ್ಗ ಚಾಲಕನ ಮಣಿಕಟ್ಟಿಗೆ, ಲೈಫ್ ಜಾಕೆಟ್ ಮೈಮೇಲೆ, ಸೀಟಿನಡಿಯಲ್ಲಲ್ಲ. ನಡುವೆ ಮನಸ್ಸು ಬದಲಿಸಿ ದೋಣಿ ತಿರುಗಿಸಲು ಹೋಗಬೇಡಿ. ಹೊರಹೋಗುವಾಗ ಮೂತಿ ನೇರ ತೆರೆಗೆ. ನೆತ್ತಿ ತಲುಪುವಾಗ ಥ್ರಾಟಲ್ ಇಳಿಸಿ, ಇಲ್ಲವಾದರೆ ದೋಣಿ ಹಾರಿ ತಳಕ್ಕೆ ಬಡಿಯುತ್ತದೆ.

ಕಳೆದ ಬೇಸಿಗೆಯ ಜಿಪಿಎಸ್ ಟ್ರ್ಯಾಕ್ ಇದೆ ಅಂದಿದ್ದೀರಿ. ಅಳಿಸಿಬಿಡಿ. ಮಳೆಗಾಲದಲ್ಲಿ ಮರಳು ಜಾಗ ಬದಲಿಸುತ್ತದೆ, ಹಳೆಯ ಕಾಲುವೆ ಈಗ ದಿಬ್ಬವಾಗಿರಬಹುದು. ಪಕ್ಕದ ಹಂಗಾರಕಟ್ಟೆಯ ದೋಣಿಯವರು ಈ ವರ್ಷ ಯಾವ ಕಡೆಯಿಂದ ಹಾಯುತ್ತಾರೆ ಅಂತ ಎರಡು ದಿನ ನಿಂತು ನೋಡಿ, ಕೇಳಿ.

ಭಾರದ ಬಗ್ಗೆ ಒಂದೇ ಮಾತು: 2019ರ ಜನವರಿ 21ರಂದು ಕಾರವಾರದಲ್ಲಿ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಹೋದರು. ಅದು ಮಳೆಗಾಲವಲ್ಲ. ಮೂವರು ಅಂದಿದ್ದು ಮೂವರೇ ಆಗಿರಲಿ. "9.9 ಇರುವುದರಿಂದ ಜೂನ್-ಜುಲೈ ನಿಷೇಧವೂ ನಮಗಿಲ್ಲ" ಅಂತ ಗುಂಪಿನಲ್ಲಿ ಇನ್ನೊಬ್ಬರು ಬರೆದಿದ್ದಾರಲ್ಲ, ಮೀನುಗಾರಿಕೆ ನಿಷೇಧದ 61 ದಿನದ ಆ ನಿಯಮ 10 ಎಚ್‌ಪಿ ಮೇಲಿನವಕ್ಕೆ ಹೌದು. ಆದರೆ ಕಡಲು ಎಚ್‌ಪಿ ನೋಡಿ ದಾರಿ ಬಿಡುವುದಿಲ್ಲ.

ಅಕ್ಟೋಬರ್ ಸಂಜೆ ಘಟ್ಟದ ಮೇಲೆ ಕಟ್ಟಿದ ಗುಡುಗು ಮೋಡ ಕೆಲವೊಮ್ಮೆ ಪಡುವಣಕ್ಕೆ ಜಾರಿ ಬರುತ್ತದೆ. ಮೂಡುಗಾಳಿ ತಟ್ಟನೆ ಬೀಸಿ ದೋಣಿಯನ್ನು ಹೊರಕ್ಕೆ ದೂಡುತ್ತದೆ. ಮೂರು ಗಂಟೆಯೊಳಗೆ ಹೊಳೆಯೊಳಗಿರಿ. ಪೆಟ್ರೋಲು ಮೂರು ಪಾಲು ಮಾಡಿ: ಹೋಗಲು ಒಂದು, ಬರಲು ಒಂದು, ಮೂರನೆಯದನ್ನು ಮುಟ್ಟಬೇಡಿ. ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ ನಾಲ್ಕೈದು ಲೀಟರ್ ಹಿಡಿಯಿರಿ. ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ಮೊಬೈಲ್ ಸಿಗ್ನಲ್ ಹೊರಗೆ ಕೈಕೊಡುತ್ತದೆ, ವಿಎಚ್‌ಎಫ್ ರೇಡಿಯೊ ಇದ್ದರೆ 16ನೇ ಚಾನೆಲ್.

ಬೇಸಿಗೆಯಲ್ಲಿ ಇದೇ ದೋಣಿ ಲಿಂಗನಮಕ್ಕಿ ಹಿನ್ನೀರಿಗೆ ಒಯ್ಯುವ ಪ್ರಶ್ನೆಗೆ: ಮೊದಲು ಅನುಮತಿ ವಿಚಾರಿಸಿಕೊಳ್ಳಿ. ಅಲ್ಲಿ ಸ್ವೆಲ್ ಇಲ್ಲ, ಉಬ್ಬರ ಇಲ್ಲ. ಆದರೆ ಐದು ಕಿಲೋಮೀಟರ್ ಬಯಲು ನೀರಿನ ಮೇಲೆ 15 ನಾಟ್ ಗಾಳಿ ಒಂದಡಿ ಮೀರಿದ ಅಲೆ ಎಬ್ಬಿಸುತ್ತದೆ, ಎರಡು-ಎರಡೂವರೆ ಸೆಕೆಂಡಿಗೊಂದು. ಅಂಚು ತಗ್ಗಿದ ದೋಣಿಗೆ ನೀರು ಎರಚಿ ತುಂಬುತ್ತದೆ, ಬಕೆಟ್ಟು ಕೈಗೆಟುಕಲಿ. ಏಪ್ರಿಲ್-ಮೇ ತಿಂಗಳಲ್ಲಿ ನೀರು ಇಳಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಗೇಣು ಆಳದಲ್ಲಿರುತ್ತವೆ, ಮೇಲಿಂದ ಕಾಣುವುದಿಲ್ಲ. ನಿಧಾನ ಹೋಗಿ, ಎಂಜಿನಿನ ಟಿಲ್ಟ್ ಲಾಕ್ ಬಿಚ್ಚಿಡಿ, ತಗುಲಿದರೆ ಎಂಜಿನ್ ತಾನೇ ಮೇಲೇಳುತ್ತದೆ. ಶಿಯರ್ ಪಿನ್ನಿನ (ಪ್ರೊಪೆಲ್ಲರ್ ಬಡಿದಾಗ ತಾನು ಮುರಿದು ಎಂಜಿನ್ ಉಳಿಸುವ ಪಿನ್) ಎಂಜಿನ್ ಆದರೆ ಎರಡು ಪಿನ್, ಒಂದು ಕಟಿಂಗ್ ಪ್ಲೇಯರ್ ಜೇಬಿನಲ್ಲಿರಲಿ. ಮಧ್ಯಾಹ್ನದ ಮೇಲೆ ಸೆಕೆ ನಡುವೆ ತಣ್ಣನೆ ಗಾಳಿ ಬಂದು ಮುಖಕ್ಕೆ ಬಡಿದರೆ ಮಳೆಗಿಂತ ಮೊದಲು ಬರುವ ಬಿರುಗಾಳಿ ಅದು. ಐದ್ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಲಾಂಚ್ ಕಟ್ಟೆಯೇ ಬೇಕು ಅನ್ನಬೇಡಿ, ಹತ್ತಿರದ ದಡ ಯಾವುದೋ ಅದಕ್ಕೆ ನುಗ್ಗಿಸಿ, ದೋಣಿ ಬಿಟ್ಟು ದೂರ ಹೋಗಿ, ಒಂಟಿ ಮರದಡಿ ನಿಲ್ಲಬೇಡಿ.