ತಿಪ್ಪಮ್ಮನ ಹೆಸರು ತಿದ್ದಬೇಕೆ?

ಪತ್ರ: ಎಂಬತ್ತು ದಾಟಿದ ನಮ್ಮ ಅಜ್ಜಿಯ ಹೆಸರು ತಿಪ್ಪಮ್ಮ. ಗೃಹಪ್ರವೇಶದ ಕರೆಯೋಲೆಯಲ್ಲಿ ಅದನ್ನು ‘ತ್ರಿಪುರಾಂಬ’ ಎಂದು ಅಚ್ಚು ಹಾಕಿಸಬೇಕೆಂದು ಅಣ್ಣನ ಹಟ. ಹೆತ್ತವರು ತಿಪ್ಪೆಯ ಹೆಸರನ್ನು ಯಾಕಾದರೂ ಇಟ್ಟರೋ?
– ಓದುಗರೊಬ್ಬರು, ಚಳ್ಳಕೆರೆ ತಾಲ್ಲೂಕು

ಸಂಪಾದಕರ ಉತ್ತರ: ಅಚ್ಚಿಗೆ ಕೊಡುವ ಮುನ್ನ ಬರೆದಿರಿ, ಒಳ್ಳೆಯದಾಯಿತು.

ಹುಟ್ಟಿದ ಮಕ್ಕಳು ಒಂದರ ಹಿಂದೊಂದು ತೀರಿಕೊಳ್ಳುತ್ತಿದ್ದ ಮನೆಯಲ್ಲಿ ಮುಂದಿನ ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಡುತ್ತಿದ್ದರು. ನೆರೆಮನೆಯಾಕೆ ‘ಸಿಕ್ಕಿದ ಕೂಸು’ ಎಂದು ಎತ್ತಿಕೊಂಡು ಬರುವಳು. ತಾಯಿ ಹಿಡಿ ತೌಡು ಕೊಟ್ಟು ಕೊಳ್ಳುವಳು. ಯಾರಿಗೂ ಬೇಡದ್ದು, ಕಸಕ್ಕೆ ಎಸೆದದ್ದು ಎಂದು ಜವರಾಯ ನಂಬಬೇಕು, ಅಷ್ಟೆ. ಊರಿಗೆಲ್ಲ ಗೊತ್ತಿದ್ದ ಈ ನಾಟಕ ಅವನೊಬ್ಬನಿಗೆ ಗೊತ್ತಾಗಬಾರದು! ಗುಂಡ, ಕಾಡ, ಹುಚ್ಚಮ್ಮ ಎಂಬಂಥ ಹೆಸರುಗಳಲ್ಲಿ ಹಲವು ಇದೇ ಉಪಾಯದವು. ತಮಿಳರ ಕುಪ್ಪುಸ್ವಾಮಿಯೊಳಗಿನ ಕುಪ್ಪೈ, ತೆಲುಗರ ಪೆಂಟಯ್ಯನೊಳಗಿನ ಪೆಂಟ, ಎರಡೂ ತಿಪ್ಪೆಯೇ.

ಆದರೆ ನಿಮ್ಮದು ಚಳ್ಳಕೆರೆ ಸೀಮೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ಹರಕೆ ಹೊತ್ತು ಹಡೆದವರು ಮಗುವಿಗೆ ಆ ಹೆಸರನ್ನೇ ಇಡುವುದು ಅಲ್ಲಿ ವಾಡಿಕೆ. ನಿಮ್ಮ ಮನೆಯಲ್ಲಿ ನಡೆದದ್ದು ಇವೆರಡರಲ್ಲಿ ಯಾವುದು? ಅಜ್ಜಿಯನ್ನೇ ಕೇಳಿ; ಅವರಿಗಿಂತ ಮೊದಲು ಹುಟ್ಟಿದವರು ಏನಾದರು ಎಂಬುದನ್ನೂ ಕೇಳಿ.

ಇನ್ನು ನಿಮ್ಮ ಅಣ್ಣ. ಅವರನ್ನು ಪೂರಾ ಬೈಯುವ ಹಾಗಿಲ್ಲ. ವಿಜಯನಗರದ ಕಾಲದಲ್ಲಿ, 15ನೆಯ ಶತಮಾನದಲ್ಲಿ, ಸಾಳುವ ಮನೆತನದ ತಿಪ್ಪ ಭೂಪಾಲ ವಾಮನನೆಂಬ ಹಳೆಯ ಸಂಸ್ಕೃತ ಪಂಡಿತನ ಕಾವ್ಯಶಾಸ್ತ್ರ ಗ್ರಂಥಕ್ಕೆ ‘ಕಾಮಧೇನು’ ಎಂಬ ವ್ಯಾಖ್ಯಾನ ಬರೆದ. ಸಂಸ್ಕೃತ ಪಂಡಿತರ ಸಾಲಿನಲ್ಲಿ ಅವನು ಗೋಪೇಂದ್ರ ತ್ರಿಪುರಹರ ಭೂಪಾಲ! ತಿಪ್ಪನಿಗೆ ತ್ರಿಪುರದ ಪೋಷಾಕು ತೊಡಿಸುವುದು ಅಷ್ಟು ಹಳೆಯ ಕಸುಬು. (ಇದರ ತಿರುವುಮುರುವೂ ನಡೆದಿದೆ: ವಿಷ್ಣು ಕನ್ನಡದ ನಾಲಿಗೆಯಲ್ಲಿ ಬಿಟ್ಟಿಯಾದ; ಹೊಯ್ಸಳರ ವಿಷ್ಣುವರ್ಧನನೇ ಬಿಟ್ಟಿದೇವ.)

ಇಷ್ಟಾದರೂ ನನ್ನ ಮತ ತಿಪ್ಪಮ್ಮನಿಗೆ. ಒಕ್ಕಲು ಮನೆಗೆ ತಿಪ್ಪೆಯೆಂದರೆ ವರ್ಷದ ಗೊಬ್ಬರ; ದೀಪಾವಳಿಯಲ್ಲಿ ಎಷ್ಟೋ ಹಳ್ಳಿಗಳಲ್ಲಿ ತಿಪ್ಪೆಗೂ ದೀಪ ಇಡುತ್ತಾರೆ. ಅದು ಬರೀ ಕಸವಾದದ್ದು ನಾವು ಪೇಟೆ ಸೇರಿದ ಮೇಲೆ. ಪಡಿತರ ಚೀಟಿಯಲ್ಲಿ ತಿಪ್ಪಮ್ಮ, ಕರೆಯೋಲೆಯಲ್ಲಿ ತ್ರಿಪುರಾಂಬ ಎಂದಾದರೆ ಊರಿನ ನೆಂಟರೆಲ್ಲ ‘ಇದು ಯಾರಪ್ಪಾ?’ ಎಂದು ಫೋನು ಮಾಡುತ್ತಾರೆ. ಉತ್ತರ ಹೇಳಲು ಅಣ್ಣನನ್ನೇ ಕೂರಿಸಿ.