ಓದುಗರ ಪ್ರಶ್ನೆ: ಕಥೆಯೊಳಗಿನ ಇಂಗ್ಲಿಷ್ ನುಡಿಗಟ್ಟು ಕನ್ನಡಕ್ಕೆ ಬರುವಾಗ

ಪ್ರಶ್ನೆ (ಧಾರವಾಡದ ಓದುಗರೊಬ್ಬರಿಂದ): ಅನುವಾದದ ಅಭ್ಯಾಸಕ್ಕೆಂದು ಇಂಗ್ಲಿಷ್ ಕಾದಂಬರಿಗಳಿಂದ ನುಡಿಗಟ್ಟುಗಳನ್ನು ಆರಿಸಿ, ಎದುರಿಗೆ ಕನ್ನಡದ ಸಮಾನ ಮಾತನ್ನು ಬರೆದಿಟ್ಟುಕೊಳ್ಳುತ್ತಿದ್ದೇನೆ. ಪಟ್ಟಿ ಉದ್ದವಾಗಿದೆ, ಆದರೆ ಒಂದು ಕಥೆಯನ್ನು ಅನುವಾದಿಸಲು ಕುಳಿತರೆ ಅದು ನೆರವಿಗೆ ಬರುತ್ತಿಲ್ಲ. ಏಕೆ?

ಉತ್ತರ: ಪಟ್ಟಿಯಲ್ಲಿ ನುಡಿಗಟ್ಟು ಒಂಟಿಯಾಗಿರುತ್ತದೆ, ಕಥೆಯಲ್ಲಿ ಅದನ್ನು ಯಾರೋ ಯಾರಿಗೋ ಹೇಳುತ್ತಿರುತ್ತಾರೆ. ‘ಕಿಕ್ ದ ಬಕೆಟ್’ ಎಂಬುದರ ಎದುರಿಗೆ ನೀವು ‘ಸಾಯು’ ಎಂದು ಬರೆದುಕೊಂಡಿದ್ದರೆ ಅರ್ಥವೇನೋ ಸರಿ, ಆದರೆ ಸತ್ತವನ ಬಗ್ಗೆ ಅಂಥ ಗೌರವವಿಲ್ಲದೆ ಹಗುರವಾಗಿ ಆಡುವ ಮಾತು ಅದು ಎಂಬುದು ಪಟ್ಟಿಯಿಂದ ತಿಳಿಯುವುದಿಲ್ಲ. ಕನ್ನಡದಲ್ಲಿ ‘ತೀರಿಕೊಂಡರು’, ‘ಹೋಗಿಬಿಟ್ಟರು’, ‘ಶಿವನ ಪಾದ ಸೇರಿದರು’, ‘ಗೊಟಕ್ ಅಂದ’, ‘ನೆಗೆದುಬಿದ್ದ’ ಎಂದು ಎಷ್ಟೋ ಬಗೆಯಲ್ಲಿ ಹೇಳುತ್ತೇವೆ, ಮತ್ತು ಆಡುವವರ ವಯಸ್ಸು, ಸಲಿಗೆ, ಸಿಟ್ಟು ಒಂದೊಂದರಲ್ಲೂ ಬೇರೆ. ಹೆಂಡದಂಗಡಿಯ ಹರಟೆಯಲ್ಲಿ ‘ನೆಗೆದುಬಿದ್ದ’ ಚೆನ್ನಾಗಿ ಒಗ್ಗುತ್ತದೆ. ಲಂಡನ್ನಿನ ಪಾದ್ರಿಯೊಬ್ಬರು ‘ಶಿವನ ಪಾದ ಸೇರಿದರು’ ಎಂದರೆ ಮಾತ್ರ ಓದುಗರು ಕಥೆಯನ್ನು ಅಲ್ಲಿಯೇ ಬಿಟ್ಟು ಅನುವಾದಕರ ಮುಖ ನೋಡುತ್ತಾರೆ.

ಆದ್ದರಿಂದ ನುಡಿಗಟ್ಟನ್ನಷ್ಟೇ ಕಿತ್ತುಕೊಳ್ಳದೆ ಅದಿರುವ ಇಡೀ ಪ್ಯಾರಾವನ್ನು ನಕಲು ಮಾಡಿಕೊಳ್ಳಿ, ಹೇಳುವವರು ಯಾರು, ಯಾವ ಮನಃಸ್ಥಿತಿಯಲ್ಲಿದ್ದಾರೆ ಎಂಬುದನ್ನು ಅಂಚಿನಲ್ಲಿ ಬರೆಯಿರಿ, ಆಮೇಲೆ ಪ್ಯಾರಾವನ್ನೇ ಅನುವಾದಿಸಿ. ನುಡಿಗಟ್ಟಿಗೆ ಪ್ರತಿಯಾಗಿ ನುಡಿಗಟ್ಟೇ ಬರಬೇಕೆಂಬ ಹಟವೂ ಬೇಡ. ಮದುವೆಯ ಹಿಂದಿನ ದಿನ ವರನಿಗೆ ‘ಕೋಲ್ಡ್ ಫೀಟ್’ ಆಯಿತೆಂದರೆ ಅವನು ಹಿಂದೇಟು ಹಾಕಿದ, ಅಷ್ಟೇ. ಅವನ ಪಾದವನ್ನು ಮುಟ್ಟಿನೋಡುವ ಅಗತ್ಯವಿಲ್ಲ. ಅಂಗಾಂಗಗಳ ಹೆಸರಿರುವ ನುಡಿಗಟ್ಟುಗಳಲ್ಲಿ ವಿಶೇಷ ಎಚ್ಚರ ಬೇಕು: ಇಂಗ್ಲಿಷಿನಲ್ಲಿ ‘ಗಿವ್ ಎ ಹ್ಯಾಂಡ್’ ಎಂದರೆ ನೆರವಾಗುವುದು, ನಮ್ಮಲ್ಲಿ ‘ಕೈಕೊಟ್ಟ’ ಎಂದರೆ ನಡುನೀರಿನಲ್ಲಿ ಬಿಟ್ಟುಹೋದ ಎಂದು.

ಪ್ರಶ್ನೆ (ಮಂಗಳೂರಿನ ಓದುಗರೊಬ್ಬರಿಂದ): ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ ಕಾದಂಬರಿಯಲ್ಲಿ ಪಿಪ್ ಎಂಬ ಅನಾಥ ಹುಡುಗನನ್ನು ಅವನ ಅಕ್ಕ ‘ಬೈ ಹ್ಯಾಂಡ್’ ಬೆಳೆಸಿದಳು ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ‘ಸಾಕಿ ಬೆಳೆಸಿದಳು’ ಎಂದು ಬರೆದರೆ ಸಾಲದೇ?

ಉತ್ತರ: ಇಲ್ಲಿ ಸಾಲದು. 1860–61ರಲ್ಲಿ ಈ ಕಾದಂಬರಿ ಧಾರಾವಾಹಿಯಾಗಿ ಬರುತ್ತಿದ್ದಾಗ ಆ ಮಾತಿಗೆ ಖಚಿತವಾದ ಅರ್ಥವಿತ್ತು: ಕೂಸಿಗೆ ಎದೆಹಾಲಿಲ್ಲದೆ, ಬೇರೆ ಆಹಾರವನ್ನು ಕೈಯಿಂದ ಉಣಿಸಿ ಉಳಿಸಿಕೊಳ್ಳುವುದು. ಅಕ್ಕನಿಗೆ ಅದರಿಂದ ನೆರೆಹೊರೆಯಲ್ಲಿ ದೊಡ್ಡ ಹೆಸರು, ತನ್ನ ಕಣ್ಣಿನಲ್ಲಂತೂ ಇನ್ನೂ ದೊಡ್ಡದು. ಆದರೆ ಹುಡುಗನಿಗೆ ಆ ಅರ್ಥ ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ಅವಳ ಕೈಯ ಭಾರ ಮಾತ್ರ, ಮತ್ತು ಆ ಕೈ ತನ್ನ ಮೇಲೆ ಬೀಳುವಂತೆ ಅವಳ ಗಂಡ ಜೋನ ಮೇಲೂ ಬೀಳುತ್ತದೆಂಬುದು. ಆದ್ದರಿಂದ ತಮ್ಮಿಬ್ಬರನ್ನೂ ಅವಳು ‘ಕೈಯಿಂದ’ ಬೆಳೆಸಿದ್ದಾಳೆ ಎಂದು ಅವನು ತೀರ್ಮಾನಿಸುತ್ತಾನೆ. ‘ಸಾಕಿ ಬೆಳೆಸಿದಳು’ ಎಂದು ಬರೆದರೆ ಕೈ ಮಾಯವಾಗುತ್ತದೆ, ಅದರೊಡನೆ ಹುಡುಗನ ತಪ್ಪು ತಿಳಿವಳಿಕೆಯೂ.

ಕನ್ನಡದಲ್ಲಿ ‘ಕೈಯಾರೆ’ ಎಂಬ ಮಾತು ಇಲ್ಲಿ ಒದಗಿಬರುತ್ತದೆ. ನಾನಾದರೆ ಹೀಗೆ ಬರೆದೇನು: ‘ಅಕ್ಕ ನನ್ನನ್ನು ತನ್ನ ಕೈಯಾರೆ ಬೆಳೆಸಿದಳೆಂದು ಕೇರಿಯವರೆಲ್ಲ ಹೊಗಳುತ್ತಿದ್ದರು. ಹಾಗೆಂದರೇನೆಂದು ನನಗೆ ಯಾರೂ ಹೇಳಿರಲಿಲ್ಲ. ಅವಳ ಕೈ ಎಷ್ಟು ಬಿರುಸು, ಎಷ್ಟು ಭಾರ ಎಂಬುದು ಗೊತ್ತಿತ್ತು, ಅದು ಭಾವನ ಮೇಲೂ ಬೀಳುವುದನ್ನು ನೋಡಿದ್ದೆ. ಹಾಗಾಗಿ ನಮ್ಮಿಬ್ಬರನ್ನೂ ಅವಳು ಕೈಯಾರೆಯೇ ಬೆಳೆಸಿರಬೇಕು ಎಂದುಕೊಂಡಿದ್ದೆ.’ ಎದೆಹಾಲಿನ ಸಂಗತಿ ಇದರಲ್ಲಿ ಬಿಟ್ಟುಹೋಯಿತು. ಬೇಕೆನಿಸಿದರೆ ‘ಹಾಲು ಕಾಣದ ಕೂಸನ್ನು’ ಎಂಬ ಎರಡು ಮೂರು ಪದಗಳನ್ನು ಆ ಹೊಗಳಿಕೆಯೊಳಗೇ ಸೇರಿಸಬಹುದು, ಅಡಿಟಿಪ್ಪಣಿ ಮಾತ್ರ ಬೇಡ. ‘ಕೈರುಚಿ’ ಎಂಬ ಮಾತಿನಲ್ಲಿ ಅಡುಗೆ, ಏಟು ಎರಡೂ ಇರುವುದರಿಂದ ಅದರತ್ತ ಮನಸ್ಸು ಎಳೆಯುತ್ತದೆ. ಆದರೂ ಅದನ್ನು ಬಿಡುವುದು ಲೇಸು, ಏಕೆಂದರೆ ಅಲ್ಲಿ ಪಿಪ್ ಶ್ಲೇಷೆ ಮಾಡುತ್ತಿಲ್ಲ. ಅವನಿಗೆ ನಿಜವಾಗಿಯೂ ಅರ್ಥವಾಗಿಲ್ಲ.

ಅದೇ ಲೇಖಕನ ‘ಎ ಕ್ರಿಸ್‌ಮಸ್ ಕ್ಯಾರೊಲ್’ (1843) ಇನ್ನೊಂದು ಬಗೆಯ ಅಭ್ಯಾಸಕ್ಕೆ ಒಳ್ಳೆಯದು. ಮಾರ್ಲಿ ಎಂಬವನು ಬಾಗಿಲ ಮೊಳೆಯಷ್ಟು ಸತ್ತಿದ್ದ ಎಂದು ಹೇಳಿದ ನಿರೂಪಕನೇ, ಬಾಗಿಲ ಮೊಳೆಯಲ್ಲಿ ಅಂಥ ಸಾವು ಏನಿದೆ, ಶವಪೆಟ್ಟಿಗೆಯ ಮೊಳೆ ಇನ್ನೂ ಹೆಚ್ಚು ಸತ್ತದ್ದಲ್ಲವೇ ಎಂದು ಚರ್ಚೆಗೆ ಇಳಿಯುತ್ತಾನೆ. ಬೇರೆ ಯಾವುದೇ ಕಥೆಯಲ್ಲಿ ಈ ನುಡಿಗಟ್ಟು ಬಂದರೆ ‘ಸತ್ತು ಮಣ್ಣಾಗಿದ್ದ’ ಎಂದು ದಾಟಿಹೋಗಬಹುದು. ಇಲ್ಲಿ ಮೊಳೆಯನ್ನು ತೆಗೆದರೆ ಮುಂದಿನ ಸಾಲುಗಳಿಗೆ ಆಧಾರವೇ ಇರುವುದಿಲ್ಲ. ಹೋಲಿಕೆ ವಿಚಿತ್ರವೆಂದು ಕನ್ನಡದ ಓದುಗರಿಗೆ ಅನಿಸುವಷ್ಟರಲ್ಲಿ ನಿರೂಪಕನೂ ಅದನ್ನೇ ಹೇಳುತ್ತಾನಾದ್ದರಿಂದ ಅಕ್ಷರಶಃ ಅನುವಾದವೇ ಸರಿಯಾಗುತ್ತದೆ.

ಪ್ರಶ್ನೆ (ಬೆಂಗಳೂರಿನ ಓದುಗರೊಬ್ಬರಿಂದ): ಈ ಕೆಲಸಕ್ಕೆ ಯಾವ ನಿಘಂಟು ಇಟ್ಟುಕೊಳ್ಳಬೇಕು?

ಉತ್ತರ: ಇಂಗ್ಲಿಷ್ ಮಾತಿನ ಅರ್ಥ ತಿಳಿಯಲು ಒಳ್ಳೆಯ ಇಂಗ್ಲಿಷ್ ನಿಘಂಟು ಸಾಕು. ಕೊರತೆ ಕಾಣುವುದು ಸಾಮಾನ್ಯವಾಗಿ ಕನ್ನಡದ ಕಡೆ. 1894ರ ಕಿಟ್ಟೆಲ್ ನಿಘಂಟನ್ನೋ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟನ್ನೋ ತೆರೆದು ‘ಕೈ’, ‘ತಲೆ’, ‘ಹೊಟ್ಟೆ’, ‘ಬಾಯಿ’ ಮುಂತಾದ ಪದಗಳ ಕೆಳಗಿರುವುದನ್ನು ಕಥೆ ಓದುವಂತೆ ಓದಿ; ಕಿಟ್ಟೆಲ್ ಗಾದೆಗಳನ್ನೂ ಕೊಟ್ಟಿದ್ದಾರೆ. ಪತ್ರಿಕೆಗಳ ಮೂಲಕ ಇಂಗ್ಲಿಷಿನಿಂದ ಬಂದು ನಮ್ಮದೇ ಆಗಿರುವ ‘ಬೆಳಕು ಚೆಲ್ಲು’, ‘ಹಸಿರು ನಿಶಾನೆ’ಗಳಂಥ ಮಾತುಗಳು ಪ್ರಬಂಧದಲ್ಲಿ ಇರಲಿ, ಆದರೆ ಹಳ್ಳಿಯ ಕಮ್ಮಾರನ ಬಾಯಲ್ಲಿ ಬಂದರೆ ಅವನು ಸಂಪಾದಕೀಯ ಓದಿದಂತೆ ಕೇಳಿಸುತ್ತದೆ. ಹಾಗಾಗಿ ಸಂಭಾಷಣೆಯನ್ನು ಅನುವಾದಿಸಿದ ಮೇಲೆ, ಮೂಲವನ್ನು ಓದಿರದ ಒಬ್ಬರ ಎದುರು ಗಟ್ಟಿಯಾಗಿ ಓದಿ, ಅವರು ಎಲ್ಲಿ ‘ಏನಂದಿರಿ?’ ಎನ್ನುತ್ತಾರೋ ಅಲ್ಲಿ ಗುರುತು ಹಾಕಿಕೊಳ್ಳಿ.

ಪ್ರಶ್ನೆ (ಶಿವಮೊಗ್ಗದ ಓದುಗರೊಬ್ಬರಿಂದ): ಅಭ್ಯಾಸಕ್ಕೆ ಮಾಡಿದ ಅನುವಾದವನ್ನು ಪ್ರಕಟಿಸಬಹುದೇ?

ಉತ್ತರ: ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ ಎಣಿಸಿ 60 ವರ್ಷ ಅವರ ಕೃತಿಗಳಿಗೆ ಹಕ್ಕುಸ್ವಾಮ್ಯ ಇರುತ್ತದೆ. ಡಿಕನ್ಸ್ ತೀರಿಕೊಂಡದ್ದು 1870ರಲ್ಲಿ, ಹಾಗಾಗಿ ಅವನ ಕಾದಂಬರಿಗಳಿಗೆ ಯಾರ ಅನುಮತಿಯೂ ಬೇಡ. 1975ರಲ್ಲಿ ತೀರಿಕೊಂಡ ವುಡ್‌ಹೌಸ್‌ನ ಕಥೆಗಳನ್ನು ಪ್ರಕಟಿಸುವುದಾದರೆ 2035 ಮುಗಿಯುವವರೆಗೆ ಅನುಮತಿ ಪಡೆಯಬೇಕು. ಹಳೆಯ ಕೃತಿಯ ಹೊಸ ಆವೃತ್ತಿಯಲ್ಲಿರುವ ಮುನ್ನುಡಿಗೂ ಟಿಪ್ಪಣಿಗಳಿಗೂ ಪ್ರತ್ಯೇಕ ಹಕ್ಕು ಇರಬಹುದಾದ್ದರಿಂದ ಅವನ್ನು ಅನುವಾದದೊಳಗೆ ಸೇರಿಸಬೇಡಿ.