ಪೆನ್ಸಿಲ್ಲು ಮಗಳ ಕೈಯಲ್ಲೇ ಇರಲಿ

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಇದುವರೆಗಿನ ಪಾಠವೆಲ್ಲ ಮನೆಯಲ್ಲಿ ನನ್ನ ಬಳಿಯೇ ಆಗಿದೆ. ಇನ್ನು ಹೈಸ್ಕೂಲಿನ ವರ್ಷಗಳು. ಬೀಜಗಣಿತ, ರಸಾಯನಶಾಸ್ತ್ರ ಎಂದರೆ ನನಗೆ ಕೈಕಾಲು ಆಡುವುದಿಲ್ಲ. ಅವಳು ಲೆಕ್ಕದಲ್ಲಿ ತಡವರಿಸಿದರೆ ಪೆನ್ಸಿಲ್ಲು ತೆಗೆದುಕೊಂಡು ಮುಂದಿನ ಹೆಜ್ಜೆಯನ್ನು ನಾನೇ ಬರೆದುಬಿಡುತ್ತೇನೆ. ಶಾಲೆಗೆ ಸೇರಿಸೋಣವೆಂದು ಪತಿ ಹೇಳುತ್ತಾರೆ, ಮಗಳು ಒಲ್ಲೆ ಎನ್ನುತ್ತಾಳೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ರಸಾಯನಶಾಸ್ತ್ರವಲ್ಲ, ಆ ಪೆನ್ಸಿಲ್ಲು. ನಿಮಗೆ ಬಾರದ ವಿಷಯವನ್ನು ಕಲಿಸಲು ಟ್ಯೂಷನ್ ಹೇಳುವವರೋ ಆನ್‌ಲೈನ್ ತರಗತಿಯೋ ಸಿಕ್ಕೀತು. ಆದರೆ ಪಕ್ಕದಲ್ಲಿ ಅಮ್ಮ ಇಲ್ಲದೆ ಒಂದು ಗಂಟೆ ಕೂತು ಓದುವ ರೂಢಿಯನ್ನು ಮಗಳಿಗೆ ಬೇರೆ ಯಾರೂ ಮಾಡಿಸಲಾರರು.

ಒಂದು ಸಂಖ್ಯೆಯ ಮೂರರಷ್ಟರಿಂದ 7 ಕಳೆದರೆ 11 ಬರುತ್ತದೆ, ಆ ಸಂಖ್ಯೆ ಯಾವುದು ಎಂಬ ಲೆಕ್ಕವನ್ನೇ ತೆಗೆದುಕೊಳ್ಳಿ. ಸಮಚಿಹ್ನೆಯ ಆಚೆ ಹೋದ 7ರ ಚಿಹ್ನೆಯನ್ನು ಬದಲಿಸಲು ಮರೆತರೆ ಉತ್ತರ 6 ಆಗುವ ಬದಲು 4/3 ಆಗುತ್ತದೆ. ನೀವು ಆಗ ಕೈ ಚಾಚದೆ, ‘ಬಂದ ಉತ್ತರವನ್ನು ಲೆಕ್ಕಕ್ಕೆ ಹಾಕಿ ತಾಳೆ ನೋಡು’ ಎಂದಷ್ಟೇ ಹೇಳಿ ಹತ್ತು ನಿಮಿಷ ಆ ಕೋಣೆಯಿಂದ ಎದ್ದು ಹೋಗಿ. 11 ಬರಬೇಕಾದ ಕಡೆ ಋಣ 3 ಬಂದದ್ದನ್ನು ಕಂಡು, ತಪ್ಪಿದ್ದೆಲ್ಲಿ ಎಂದು ಅವಳೇ ಹಿಂದಕ್ಕೆ ಹುಡುಕುತ್ತ ಬರಲಿ. ತಪ್ಪು ಹೆಜ್ಜೆಯನ್ನು ರಬ್ಬರಿನಿಂದ ಅಳಿಸುವುದು ಬೇಡ, ಒಂದು ಗೆರೆ ಎಳೆದು ಹಾಗೇ ಉಳಿಸಲಿ. ಈ ಹತ್ತು ನಿಮಿಷ ಹೊರಗೆ ಕೂರುವುದು ಅವಳಿಗಿಂತ ನಿಮಗೇ ಹೆಚ್ಚು ಕಷ್ಟವಾದೀತು ಎಂಬ ಗುಮಾನಿ ನನ್ನದು.

ಇನ್ನು ಪರೀಕ್ಷೆಯ ಮಾತು. ಯಾವ ಮಂಡಳಿಯ ಪರೀಕ್ಷೆಯನ್ನು ಬರೆದು ಅವಳು ಈ ಹಂತವನ್ನು ಮುಗಿಸಬೇಕು ಎಂಬುದನ್ನು ಈಗಲೇ ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ವರ್ಷಗಳನ್ನು ಎಣಿಸಿ. ಮನೆಯಲ್ಲಿ ಓದಿದವರು ಖಾಸಗಿ ಅಭ್ಯರ್ಥಿಗಳಾಗಿ ಕೂರುವ ನಿಯಮ ಊರಿಂದೂರಿಗೆ, ಮಂಡಳಿಯಿಂದ ಮಂಡಳಿಗೆ ಬೇರೆ. ವರ್ಷವಿಡೀ ಮಾಡಿದ ಕೆಲಸಕ್ಕೆ ಅಂಕ ಕೊಡುವ ವಿಷಯಗಳು ಅಂಥವರಿಗೆ ಎಷ್ಟೋ ವೇಳೆ ದಕ್ಕುವುದಿಲ್ಲ. ಹತ್ತನೇ ತರಗತಿಯ ಮಟ್ಟದ ಅಂತರರಾಷ್ಟ್ರೀಯ ಪರೀಕ್ಷೆಯಾದ ಕೇಂಬ್ರಿಡ್ಜ್ ಐಜಿಸಿಎಸ್‌ಇಯ ವಿಜ್ಞಾನ ವಿಷಯಗಳಲ್ಲಿ ಪ್ರಯೋಗ ಪರೀಕ್ಷೆಗೆ ಪರ್ಯಾಯವಾದ ಲಿಖಿತ ಪತ್ರಿಕೆಯಿದೆ. ಹಾಗೆಂದು ಪ್ರಯೋಗವನ್ನೇ ಬಿಟ್ಟುಬಿಡಬೇಡಿ. ಬ್ಯೂರೆಟ್ಟು ಎಂಬ ಅಳತೆಯ ಗಾಜಿನ ಕೊಳವೆಯಿಂದ ಬಿದ್ದ ಒಂದೇ ಒಂದು ಹನಿಗೆ ದ್ರಾವಣ ತಿಳಿಗುಲಾಬಿಯಾಗಿ ನಿಂತುಬಿಡುವುದನ್ನು ಒಮ್ಮೆ ಕಂಡವಳಿಗೆ ಟೈಟ್ರೇಷನ್ (ಹನಿಹನಿಯಾಗಿ ಬೆರೆಸಿ ದ್ರಾವಣದ ಸಾಂದ್ರತೆ ಕಂಡುಹಿಡಿಯುವ) ಪಾಠವನ್ನು ಉರುಹೊಡೆಯುವ ಕಷ್ಟವಿರುವುದಿಲ್ಲ. ವರ್ಷಕ್ಕೆ ಕೆಲವು ದಿನವಾದರೂ ಪ್ರಯೋಗಾಲಯದ ಬಾಗಿಲು ತೆರೆಯುವವರನ್ನು ಹುಡುಕಿ.

ದಾಖಲೆಗಳನ್ನು ಈ ವರ್ಷದಿಂದಲೇ ಇಡಿ: ಓದಿದ ಪುಸ್ತಕಗಳ ಪಟ್ಟಿ, ಪ್ರತಿ ವಿಷಯಕ್ಕೆ ಕೊಟ್ಟ ಗಂಟೆಗಳು, ದಿನಾಂಕ ಹಾಕಿದ ಕೆಲವು ಬರಹಗಳು. ಮುಂದೆ ಕಾಲೇಜಿನವರು ಕೇಳಿದಾಗ ನಾಲ್ಕು ವರ್ಷಗಳನ್ನು ನೆನಪಿನಿಂದ ಹೆಕ್ಕಿ ಬರೆಯಲಾಗದು. ಈ ಲೆಕ್ಕವನ್ನೂ ಅವಳೇ ಬರೆಯಲಿ, ನೀವು ತಿಂಗಳಿಗೊಮ್ಮೆ ನೋಡಿದರೆ ಸಾಕು.

ಶಾಲೆ ಒಲ್ಲೆ ಎನ್ನುವ ಮಗಳನ್ನು, ಏಕೆಂದು ಬಿಡಿಸಿ ಕೇಳಿ. ಮನೆಯ ಓದು ಹಿಡಿಸಿರುವುದು ಬೇರೆ, ಅಪರಿಚಿತರ ನಡುವೆ ಕೂರಲು ಹೆದರುವುದು ಬೇರೆ. ಎರಡನೆಯದಾದರೆ ಓರಗೆಯವರೊಡನೆ ವಾರಕ್ಕೊಮ್ಮೆ ಕೂಡುವ ಆಟ, ನಾಟಕ ಅಥವಾ ಸಂಗೀತದ ತರಗತಿಗೆ ಮೊದಲು ಕಳುಹಿಸಿ. ಶಾಲೆಯ ತೀರ್ಮಾನವನ್ನು ಒಂದೊಂದು ವರ್ಷಕ್ಕೆ ಮಾತ್ರ ಮಾಡಿ, ಪರೀಕ್ಷೆಯ ವರ್ಷದಲ್ಲಿ ದಾರಿ ಬದಲಿಸಬೇಡಿ. ನಿಮ್ಮ ಪತಿಗೂ ಒಂದು ಕೆಲಸ ಒಪ್ಪಿಸಿ: ತಿಂಗಳಿಗೊಮ್ಮೆ ಗಡಿಯಾರ ಇಟ್ಟು ಅವರು ಒಂದು ಪರೀಕ್ಷೆ ನಡೆಸಲಿ, ಉತ್ತರಪತ್ರಿಕೆಯನ್ನು ಅವರೇ ತಿದ್ದಲಿ. ಅಂಥ ಮೂರು ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಮೂವರೂ ಕೂತು ಶಾಲೆಯ ವಿಷಯ ಮಾತನಾಡಿ.